ಅರವತ್ನಾಲ್ಕನೇ ಸೀನು

ಗಿರಿಜಾಂಬಾ ಮಂಡಿಯೂರಿ ಕೂತು ಟ್ರಂಕಿನ ಚಿಲಕವನ್ನು ಸೌಟಿನ ಹಿಡಿಯಿಂದ ಮೀಟುತ್ತಿದ್ದರು. ಒಂದು ಬದಿಯ ಚಿಲಕ ಬಿಟ್ಟುಕೊಂಡಿತ್ತು. ಇನ್ನೊಂದು ಜಪ್ಪಯ್ಯ ಎಂದರೂ ಅಲ್ಲಾಡುತ್ತಿರಲಿಲ್ಲ.

"ಅಮ್ಮ, ಎದ್ದೇಳು. ಕಾಗದ ತಾನೆ? ಪರಮೇಶ್ವರಪ್ಪ ಮಾಮ ಅಂಗಡಿ ಬಾಗಿಲು ತೆಗೆದು ಕೊಡ್ತೀನಿ ಅಂದ್ರು," ಎಂದಳು ಮಗಳು ರಶ್ಮಿ.

"ಬೇಡ. ಊರಿಗೆಲ್ಲ ಇದೇ ಟ್ರಂಕಿನಿಂದ ಹೋಗಿದೆ. ಇವರಿಗೂ ಇಲ್ಲಿಂದಲೇ ಹೋಗಲಿ."

ಗೋಡೆಯ ಆಚೆ, ನಡುಮನೆಯಲ್ಲಿ, ಏಕಾಂತಪ್ಪನವರನ್ನು ಕೂರಿಸಿದ್ದರು. ಸ್ನಾನ ಮಾಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ತಲೆ ವಾಲದಂತೆ ಬಿಳಿಬಟ್ಟೆ ಕಟ್ಟಿ ಗೋಡೆಗೆ ಒರಗಿಸಿದ್ದರು. ದೂರದಿಂದ ನೋಡಿದರೆ ಟೈಪಿಂಗ್ ಕಲಿಯುವ ಮಕ್ಕಳು ಬರಲೆಂದು ಕಾಯುತ್ತ ಕೂತಂತೆಯೇ ಇತ್ತು. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ಆ ಮನೆಯ ಮುಂದಿನ ಕೋಣೆಯಲ್ಲಿ ಅವರು ನಲವತ್ತು ವರ್ಷ ಟೈಪಿಂಗ್ ಶಾಲೆ ನಡೆಸಿದ್ದರು. ಕಂಪ್ಯೂಟರ್ ಬಂದ ಮೇಲೆ ಮಕ್ಕಳು ಬರುವುದು ನಿಂತಿತು. ಅವರು ಕಾಯುವುದು ಮಾತ್ರ ನಿಂತಿರಲಿಲ್ಲ.

ಅವರ ಜನರಲ್ಲಿ ಸತ್ತವರನ್ನು ಸಮಾಧಿಯಲ್ಲಿ ಕೂರಿಸಿದಾಗ ಮೈಯ ಇಪ್ಪತ್ತೊಂದು ಕಡೆ ಮಂತ್ರ ಬರೆದ ಚೀಟಿ ಇಡುವ ಪದ್ಧತಿ. ಹಿಂದೆ ತಾಮ್ರದ ತಗಡಿನಲ್ಲಿ ಕೊರೆಸುತ್ತಿದ್ದರಂತೆ. ಈಗ ಕಾಗದವೇ ಸಾಕು. ಊರಲ್ಲಿ ಅವರ ಪೈಕಿ ಯಾರೇ ತೀರಿಕೊಂಡರೂ ಏಕಾಂತಪ್ಪನವರು ಹೇಳಿಕಳಿಸುವುದನ್ನು ಕಾಯುತ್ತಿರಲಿಲ್ಲ. ಅಳತೆಪಟ್ಟಿ ಇಟ್ಟು ಇಪ್ಪತ್ತೊಂದು ಚೀಟಿ ಒಂದೇ ಸಮ ಕತ್ತರಿಸಿ, ಒಂದೊಂದರ ಮೇಲೂ 'ಓಂ ನಮಃ ಶಿವಾಯ' ಎಂದು ಟೈಪ್ ಮಾಡಿ, ಲಕೋಟೆಯಲ್ಲಿ ಹಾಕಿ ಆ ಮನೆಯ ಹಿತ್ತಲ ಬಾಗಿಲಿಗೆ ಹೋಗಿ ಕೊಟ್ಟು ಬರುತ್ತಿದ್ದರು. ಮುಂಬಾಗಿಲಲ್ಲಿ ಕೊಟ್ಟರೆ ಅವರು ಉಪಕಾರ ನೆನೆಯಬೇಕಾಗುತ್ತದೆ, ಸಾವಿನ ಮನೆಯವರಿಗೆ ಆ ತ್ರಾಸ ಯಾಕೆ ಎನ್ನುವುದು ಅವರ ಲೆಕ್ಕ. ಇವತ್ತು ಅವರಿಗೆ ಚೀಟಿ ಮಾಡಿಕೊಡುವವರು ಯಾರೂ ಹಿತ್ತಲ ಬಾಗಿಲಿಗೆ ಬಂದಿರಲಿಲ್ಲ. ಕ್ರಿಯೆ ಮಾಡಿಸುವ ಷಡಕ್ಷರಿ ಅಯ್ಯನವರು ಬೆಳಗ್ಗೆ ಬಂದವರೇ, ಚೀಟಿ ಎಲ್ಲಿ ಎಂದು ಅಭ್ಯಾಸಬಲದಿಂದ ಏಕಾಂತಪ್ಪನವರ ಕಡೆಗೇ ತಿರುಗಿ ಕೇಳಿಬಿಟ್ಟಿದ್ದರು.

ಜಗಲಿಯಿಂದ ಪಕ್ಕದಂಗಡಿ ಪರಮೇಶ್ವರಪ್ಪನವರ ದನಿ ಕೇಳುತ್ತಿತ್ತು. ಚಿಕ್ಕಮಗಳೂರಿನಿಂದ ಬಂದ ನೆಂಟರಿಗೆ ಅವರು ಸತ್ತವರ ಗುಣ ಹೇಳುತ್ತಿದ್ದರು. ಇಂಥ ನಿಧಾನಸ್ಥ, ಇಂಥ ಅಚ್ಚುಕಟ್ಟು, ಜನ್ಮದಲ್ಲಿ ಒಂದೇ ಒಂದು ತಪ್ಪು ಮಾಡಿದ ಮನುಷ್ಯ ಎಂದರು. ಆಮೇಲೆ ಆ ತಪ್ಪಿನ ಕತೆಗೆ ಬಂದರು. ಊರವರಿಗೆಲ್ಲ ಗೊತ್ತಿದ್ದ ಕತೆ ಅದು. ಒಂದು ಸಿನಿಮಾಕ್ಕೆ ಟೈಪ್ ಮಾಡಲು ಹೋಗಿ, ಒಂದು ಸೀನಿನ ಸಾಲನ್ನು ಇನ್ನೊಂದು ಸೀನಿಗೆ ಹೊಡೆದು, ಇಡೀ ಶೂಟಿಂಗನ್ನೇ ಕೆಡಿಸಿದ ಕತೆ. ಸೀನು ತಪ್ಪಿಸಿದ ಏಕಾಂತಪ್ಪ ಎಂದೇ ಆಮೇಲೆ ಹೆಸರಾಯಿತು. ಅವರೂ ನಗುತ್ತ ಓಗೊಡುತ್ತಿದ್ದರು.

ಗಿರಿಜಾಂಬಾ ನಗುತ್ತಿರಲಿಲ್ಲ. ಊರು ಆಡಿದ ಮಾತಿಗಲ್ಲ, ಆವತ್ತು ತಾವೇ ಆಡಿದ ಮಾತಿಗೆ. "ಎರಡು ಸಾಲು ನೆಟ್ಟಗೆ ನೋಡಿ ಹೊಡೆಯೋಕೆ ಬರದವರು ಬದುಕು ಹೆಂಗೆ ಕಟ್ತೀರಿ?" ಎಂದಿದ್ದರು. ಅವರು ಊಟದ ತಟ್ಟೆ ನೋಡುತ್ತ, "ಕಣ್ಣು ತಪ್ಪಿತು ಗಿರಿಜಾ," ಎಂದಿದ್ದರು, ಅಷ್ಟೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕೆಂದು ಗಿರಿಜಾಂಬಾ ಎಷ್ಟು ವರ್ಷ ಅಂದುಕೊಂಡರೋ. ಕಳೆದ ತಿಂಗಳು ಆಸ್ಪತ್ರೆಯಲ್ಲಿ ಗಂಜಿ ಕುಡಿಸುವಾಗ ಬಾಯಿತನಕ ಬಂದಿತ್ತು. ಈಗ ಹೇಳಿದರೆ ಹೆದರಿಕೊಂಡಾರು, ಮನೆಗೆ ಹೋಗಿ ಹೇಳಿದರಾಯಿತು ಎಂದು ನುಂಗಿಕೊಂಡರು. ಮನೆಗೆ ಬಂದ ಮೂರನೆಯ ದಿನ ಅವರು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಇನ್ನು ಮಣ್ಣು ಬೀಳುವ ಮೊದಲು ಆ ಮಾತು ಹೋಗಬೇಕು. ಹೇಗೆ ಎನ್ನುವುದು ಅವರಿಗೆ ತಿಳಿಯುತ್ತಿರಲಿಲ್ಲ.

ಚಿಲಕ ಟಕ್ಕೆಂದು ಬಿಟ್ಟುಕೊಂಡಿತು.

*

ಇಪ್ಪತ್ತೇಳು ವರ್ಷದ ಹಿಂದೆ, ಮಳೆಗಾಲ ಹಿಂದೆಗೆಯುವ ಹೊತ್ತಿಗೆ ಸಿನಿಮಾದವರು ಬಂದಿದ್ದರು. ಬರೀ ಹೊಡೆದಾಟದ ಪಿಚ್ಚರು. ಅವರು ಕರೆತಂದಿದ್ದ ಟೈಪಿಸ್ಟ್ ಇಲ್ಲಿನ ಥಂಡಿಗೆ ಜ್ವರ ಹಿಡಿದು ಬಸ್ ಹತ್ತಿದ. ಕನ್ನಡ ಟೈಪ್‌ರೈಟರ್ ಯಾರ ಹತ್ತಿರ ಇದೆ ಎಂದು ವಿಚಾರಿಸುತ್ತ ನಿರ್ದೇಶಕರೇ ಈ ಮನೆಯ ಬಾಗಿಲಿಗೆ ಬಂದರು.

ಒಂದು ಹೊಡೆದಾಟದ ಪಿಚ್ಚರಿಗೆ ಇಷ್ಟು ಬರೆಯುವುದಿರುತ್ತದೆ ಎಂದು ಅಲ್ಲಿಯತನಕ ಅವರಿಬ್ಬರಿಗೂ ಗೊತ್ತಿರಲಿಲ್ಲ. ಬರೆದದ್ದು ಬರೆದ ಹಾಗೇ ಇರುವುದಿಲ್ಲ ಎನ್ನುವುದೂ ಗೊತ್ತಿರಲಿಲ್ಲ. ಮೊದಲ ಪ್ರತಿ ಬಿಳಿ ಹಾಳೆಯಲ್ಲಿ. ಬದಲಾದ ಪುಟ ನೀಲಿಯಲ್ಲಿ, ಮತ್ತೆ ಬದಲಾದರೆ ಗುಲಾಬಿಯಲ್ಲಿ, ಮತ್ತೂ ಬದಲಾದರೆ ಹಳದಿಯಲ್ಲಿ. ಯಾರ ಕೈಯಲ್ಲಿ ಹಳೆಯದಿದೆ, ಯಾರ ಕೈಯಲ್ಲಿ ಹೊಸದಿದೆ ಎಂದು ಬಣ್ಣದಿಂದಲೇ ತಿಳಿಯಬೇಕು. ಬಿಲ್ ಪುಸ್ತಕ ಮಾಡುವ ಪ್ರೆಸ್ಸಿನಿಂದ ಏಕಾಂತಪ್ಪನವರು ಬಣ್ಣದ ಕಾಗದ ಹೊಂದಿಸಿದರು. ಸಂಜೆ ನಿರ್ದೇಶಕರ ಕೆಂಪು ಶಾಯಿಯ ಹಾಳೆ ಬರುತ್ತಿತ್ತು. ಬೆಳಕು ಹರಿಯುವಾಗ ಎದ್ದು ಇವರು ಟೈಪ್ ಮಾಡಿ ಕಳಿಸುತ್ತಿದ್ದರು. ಕಾರ್ಬನ್ನಿನ ಕೊನೆಯ ಪ್ರತಿ, ಮಸುಕಾದದ್ದು, ಟ್ರಂಕಿಗೆ.

ಬಿಳಿ ಹಾಳೆಯಲ್ಲಿ ಖಳನಾಯಕ ಒಬ್ಬ ಕಾಫಿ ಪ್ಲಾಂಟರ್. ಶೂಟಿಂಗಿಗೆ ಬಂಗಲೆ ಕೊಟ್ಟವರೂ ಪ್ಲಾಂಟರೇ. ಅವರು ಕತೆ ಕೇಳಿ ಕೆಮ್ಮಿದರು. ನೀಲಿ ಹಾಳೆಯಲ್ಲಿ ಅವನು ಮರಗಳ್ಳನಾದ. ಕೊನೆಯ ಹೊಡೆದಾಟ ಕಾಫಿ ಕಣದಲ್ಲಿ ಎಂದಿತ್ತು. ಕಣದಲ್ಲಿ ಸಿಪ್ಪೆ ಬಿಡಿಸಿದ ಪಾರ್ಚ್‌ಮೆಂಟ್ ಕಾಫಿ ಒಣಗಲು ಹರವಿದೆ, ಹೀರೋ ಬೇಕಾದರೆ ಬದಿಯಲ್ಲಿ ನಿಂತು ಹೊಡೆಯಲಿ ಎಂದರು ತೋಟದ ಲೆಕ್ಕ ನೋಡುವ ರೈಟರು; ಹೊಡೆದಾಟ ಭದ್ರಾ ಹೊಳೆಯ ದಡಕ್ಕೆ ಹೋಯಿತು. ಬಿಳಿಯಲ್ಲಿ ಸತ್ತಿದ್ದ ಹೀರೋನ ತಾಯಿ ನೀಲಿಯಲ್ಲಿ ಪ್ರಜ್ಞೆ ತಪ್ಪಿದ್ದರು.

"ಅವರಮ್ಮ ಇವತ್ತು ಎದ್ದು ಕೂತ್ರು ಗಿರಿಜಾ," ಎನ್ನುತ್ತ ಏಕಾಂತಪ್ಪನವರು ಒಂದು ಬೆಳಗ್ಗೆ ಕಾಫಿಗೆ ಬಂದರು.

"ಸದ್ಯ. ಎಂತ ತಿಂದ್ರಂತೆ?"

"ಅದು ಇನ್ನೂ ಬರೆದಿಲ್ಲ. ಹಳದಿ ಹಾಳೆಗೆ ಕಡುಬು ಬೇಯಿಸ್ತಾರೆ ನೋಡ್ತಿರು."

ಬದಲಾಗದೆ ಉಳಿದಿದ್ದು ಅರವತ್ನಾಲ್ಕನೇ ಸೀನು ಒಂದೇ. ಹೀರೋನನ್ನು ಉಳಿಸಲು ಅವನ ಡ್ರೈವರ್ ಜೀಪನ್ನು ದರೆಯ ಮೇಲಿಂದ ಹೊಳೆಗೆ ಹಾರಿಸಿ ಪ್ರಾಣ ಬಿಡುತ್ತಾನೆ. ಕರೆತಂದ ನಟ ಘಾಟಿಯ ರಸ್ತೆಯಲ್ಲಿ ಜೀಪು ಓಡಿಸಲಾರೆ ಎಂದ. ಕಳಸ ಲೈನಿನಲ್ಲಿ ಜೀಪು ಓಡಿಸುತ್ತಿದ್ದ ಮಂಜಯ್ಯನಿಗೇ ಆ ಪಾರ್ಟು ಕೊಟ್ಟರು. ಒಂದು ಮಾತೂ ಇತ್ತು: "ನೀವು ಹೋಗಿ ಒಡೆಯಾ, ಈ ದಾರಿ ನಂಗೆ ಗೊತ್ತು." ದರೆಯಂಚಿನಲ್ಲಿ ಸುಣ್ಣ ಬಳಿದ ಕಲ್ಲು ಇಟ್ಟು, ಅಲ್ಲಿಯವರೆಗೆ ಓಡಿಸಿ ಹಾರಿಕೋ ಎಂದಿದ್ದರು. ಅದನ್ನು ಸೇರಿಸಿದ ಹಾಳೆ ಮಾತ್ರ ಇನ್ನೂ ಟೈಪಾಗಬೇಕಿತ್ತು.

ಮಂಜಯ್ಯ ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವನು, ಅಕ್ಷರ ಮರೆತಿದ್ದ. ಜೀಪಿಗೆ ಜನ ತುಂಬುವವರೆಗೆ ಟೈಪಿಂಗ್ ಶಾಲೆಗೆ ಬಂದು ಕೂರುತ್ತಿದ್ದ. ತನ್ನ ಮಾತು ಎಲ್ಲಿದೆ ತೋರಿಸಿ ಎನ್ನುತ್ತಿದ್ದ. ಏಕಾಂತಪ್ಪನವರು ಆ ಒಂದು ಸಾಲಿನಿಂದಲೇ ಅವನಿಗೆ ಓದು ಹೇಳಿಕೊಟ್ಟರು. ಮೊದಲು ನೀ, ಆಮೇಲೆ ವು. ತಿಂಗಳಾಗುವಷ್ಟರಲ್ಲಿ ಅವನು ಬಸ್ಸಿನ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ಸ್ಟ್ಯಾಂಡಿನಲ್ಲಿ ಓಡಾಡುತ್ತಿದ್ದ.

*

"ಅಕ್ಕಾ."

ಬಾಗಿಲಲ್ಲಿ ಮಂಜಯ್ಯ ನಿಂತಿದ್ದ. ಕೂದಲು ನೆರೆತಿತ್ತು, ಅಂಗಿಯ ಗುಂಡಿ ಒಂದರಲ್ಲಿ ಒಂದು ತಪ್ಪಿಸಿ ಹಾಕಿದ್ದ. ಹಿಂದೆ ಅವನ ಹೆಂಡತಿ ನಂಜಮ್ಮ. ಸುದ್ದಿ ಕೇಳಿದ ಕೂಡಲೇ ಕಳಸದಿಂದ ಹೊರಟು ಬಂದಿದ್ದರು. ವರ್ಷವರ್ಷವೂ ಅವರ ಮನೆಯ ಮೊದಲ ಕೊಯ್ಲಿನ ಮೆಣಸು ಒಂದು ಸೇರು ಈ ಮನೆಗೆ ಬರುತ್ತಿತ್ತು. ಈಗಲೂ ನಂಜಮ್ಮನ ಕೈಯಲ್ಲಿ ಚೀಲವಿತ್ತು. ಸಾವಿನ ಮನೆಗೆ ತರಬಹುದೋ ಬಾರದೋ ತಿಳಿಯದೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ಗಿರಿಜಾಂಬಾ ಅವರನ್ನು ನಡುಮನೆಗೆ ಕರೆದೊಯ್ದರು. ಮಂಜಯ್ಯ ಏಕಾಂತಪ್ಪನವರ ಪಾದಕ್ಕೆ ಹಣೆ ಹಚ್ಚಿ ಎದ್ದ. ಜಗಲಿಯವರು ಇವನೇ ಆ ಡ್ರೈವರು ಎಂದು ತೋರಿಸಿದರು. ಒಂದು ಮಾತು ಹೇಳಪ್ಪ ಎಂದು ಪರಮೇಶ್ವರಪ್ಪ ಕೆಣಕಿದರು.

"ಎಂತ ಹೇಳದು ಮಾರಾಯ್ರೆ," ಎಂದ ಮಂಜಯ್ಯ. "ಆವತ್ತು ದರೆ ಆ ಸುಣ್ಣದ ಕಲ್ಲಿಗಿಂತ ಎರಡು ಮಾರು ಈಚೆಗೇ ಕುಸೀತು. ನಾನು ಒಳಗಿದ್ರೆ ಹಾರೋ ಹೊತ್ತೇ ಸಿಗ್ತಿರ್ಲಿಲ್ಲ. ಇವರ ಕಣ್ಣು ತಪ್ಪಿದ್ದಕ್ಕೆ ನಾನು ಉಳ್ಕಂಡೆ. ಪಾರ್ಟು ಹೋಯ್ತಲ್ಲ ಅಂತ ಒಂದು ವರ್ಷ ಇವರ ಮುಖ ನೋಡ್ಲಿಲ್ಲ ನಾನು, ಬೇವರ್ಸಿ. ಆಮೇಲೆ ಬುದ್ಧಿ ಬಂತು."

ಯಾರೋ ಮೆಲ್ಲಗೆ ನಕ್ಕರು. ದೇವರೇ ಕಣ್ಣು ತಪ್ಪಿಸಿದ ಎಂದರು ಇನ್ನೊಬ್ಬರು. ಗಿರಿಜಾಂಬಾ ಕೋಣೆಗೆ ತಿರುಗಿ ಬಂದು ಟ್ರಂಕಿನ ಮುಂದೆ ಕೂತರು. ನಂಜಮ್ಮನೂ ಹಿಂದೆಯೇ ಬಂದು ಕತ್ತರಿ ತೆಗೆದುಕೊಂಡಳು.

ಟ್ರಂಕಿನ ಮೇಲ್ಗಡೆ ಖಾಲಿ ಬಿಳಿ ಹಾಳೆಗಳಿದ್ದವು. ಸಿನಿಮಾದವರು ಬಿಟ್ಟುಹೋದ ದಪ್ಪ ಕಾಗದ. ಊರಿನ ಚೀಟಿಗಳೆಲ್ಲ ಇದರದ್ದೇ. ಈಗ ಎರಡೇ ಹಾಳೆ ಉಳಿದಿತ್ತು. ನಂಜಮ್ಮ ಕತ್ತರಿಸಿದಳು, ರಶ್ಮಿ ಪೆನ್ನಿನಲ್ಲಿ ಮಂತ್ರ ಬರೆದಳು. ಎಣಿಸಿದರೆ ಇಪ್ಪತ್ತು. ಇನ್ನೊಂದಕ್ಕೆ ಕಾಗದವಿದೆಯೇ ಎಂದು ಗಿರಿಜಾಂಬಾ ತಳದಲ್ಲಿ ಕೈಯಾಡಿಸಿದರು. ಬಣ್ಣದ ಹಾಳೆಗಳ ಕಟ್ಟು ಸಿಕ್ಕಿತು. ಆವತ್ತಿನಿಂದ ಅವರು ಇದನ್ನು ಮುಟ್ಟಿದವರಲ್ಲ.

ಕಟ್ಟಿನ ಮೇಲುಗಡೆಯೇ ಎರಡು ಹಾಳೆಗಳನ್ನು ಒಂದಕ್ಕೊಂದು ಗುಂಡುಸೂಜಿಯಿಂದ ಚುಚ್ಚಿತ್ತು. ಒಂದು ಹಳದಿ. ಇನ್ನೊಂದು ನಿರ್ದೇಶಕರ ಕೆಂಪು ಶಾಯಿಯದು. ಎರಡರ ತಲೆಯಲ್ಲೂ ಅರವತ್ನಾಲ್ಕು ಎಂದಿತ್ತು.

ಕೆಂಪು ಶಾಯಿಯಲ್ಲಿ: 'ಡ್ರೈವರ್ ಸುಣ್ಣದ ಕಲ್ಲಿನವರೆಗೆ ಜೀಪು ಓಡಿಸಿ ಹಾರುತ್ತಾನೆ.' ಪಕ್ಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ, ಗಿರಿಜಾಂಬಾ ಎಲ್ಲಿ ನೋಡಿದರೂ ಗುರುತಿಸುವ ಸಣ್ಣ ದುಂಡು ಅಕ್ಷರದಲ್ಲಿ: 'ಸರ್, ಜೀಪು ಖಾಲಿ ಇದ್ದರೆ ಆಗದೇ? ದರೆಯ ಅಡಿ ಟೊಳ್ಳಂತೆ.' ಅದರ ಮೇಲೆ ಕೆಂಪು ಗೀಟು. 'ಬೇಡ. ಇದ್ದಂತೆ ಹೊಡೆಯಿರಿ.'

ಹಾಳೆಯ ಕೆಳಗೆ ಮತ್ತೆ ಪೆನ್ಸಿಲ್. 'ಡ್ರೈವರ್ ಕಲ್ಲಿಗಿಂತ ಮೊದಲೇ ಹಾರುತ್ತಾನೆ.' ಹೊಡೆದುಹಾಕಿತ್ತು. 'ಡ್ರೈವರ್ ಪಕ್ಕದಲ್ಲಿ ಓಡುತ್ತ ಸ್ಟೇರಿಂಗ್ ಹಿಡಿಯುತ್ತಾನೆ.' ಅದನ್ನೂ ಹೊಡೆದುಹಾಕಿತ್ತು. ಮೂರನೆಯದು ಹಾಗೇ ಇತ್ತು: 'ಜೀಪು ಖಾಲಿ. ಸ್ಟೇರಿಂಗಿಗೆ ಹಗ್ಗ. ನಾಲ್ವರು ಹಿಂದಿನಿಂದ ತಳ್ಳುತ್ತಾರೆ. ಡ್ರೈವರ್ ರಸ್ತೆಯಲ್ಲಿ ನಿಂತಿದ್ದಾನೆ.' ಹಳದಿ ಹಾಳೆಯಲ್ಲಿ ಟೈಪಾದದ್ದು ಇದೇ.

ಕಣ್ಣು ತಪ್ಪಿದವರು ಮೂರು ಸಲ ತಿದ್ದುವುದಿಲ್ಲ.

*

ಶೂಟಿಂಗಿನ ದಿನಗಳಲ್ಲಿ ಒಮ್ಮೆ ನಂಜಮ್ಮ ಹಿತ್ತಲ ಬಾಗಿಲಿಗೆ ಬಂದಿದ್ದಳು. ಏಳು ತಿಂಗಳ ಬಸುರಿ, ಕಳಸದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಗಿರಿಜಾಂಬಾ ಅವಳನ್ನು ಒಲೆಯ ಹತ್ತಿರ ಕೂರಿಸಿ ಬಿಸಿಬಿಸಿ ಕಾಫಿ ಕೊಟ್ಟರು. ಆ ದರೆಯ ಅಡಿ ಹೊಳೆ ಕೊರೆದು ಟೊಳ್ಳಾಗಿದೆ ಅಕ್ಕ, ನಮ್ಮ ಹಸು ಅಲ್ಲಿಂದಲೇ ಬಿದ್ದಿದ್ದು, ಇವರಿಗೆ ಹೇಳಿದರೆ ನನ್ನ ಪಾರ್ಟು ತಪ್ಪಿಸಬೇಡ ಅಂತಾರೆ ಎಂದು ಅವಳು ಲೋಟದೊಳಗೆ ನೋಡುತ್ತ ಹೇಳಿದ್ದಳು.

ರಾತ್ರಿ ರೊಟ್ಟಿ ಬಡಿಸುವಾಗ ಗಿರಿಜಾಂಬಾ ಗಂಡನಿಗೆ ಅದನ್ನು ಹೇಳಿದರು. ಹೇಳಿ, "ಸತ್ತ ತಾಯಿನೇ ಬದುಕಿಸ್ತಾರೆ, ಇದೊಂದು ಬದಲಾಯಿಸೋಕೆ ಎಂತ ಕಷ್ಟ? ಟೈಪ್ ಮಾಡೋರು ನೀವೇ ಅಲ್ವಾ?" ಎಂದರು. ಎಂದು, ಪಲ್ಯಕ್ಕೆ ಉಪ್ಪು ಸಾಕಾ ಎಂದು ಕೇಳಿದರು.

ಎರಡು ದಿನ ಬಿಟ್ಟು ಅರವತ್ನಾಲ್ಕನೇ ಸೀನು ತೆಗೆದರು. ನಿರ್ದೇಶಕರು ಹೀರೋ ಜೊತೆ ಬೇರೆ ಕಡೆ ಇದ್ದರು. ಫೈಟ್ ಮಾಸ್ಟರ್ ಕೈಯಲ್ಲಿದ್ದದ್ದು ಹಳದಿ ಹಾಳೆ. ಹಳದಿ ಎಂದರೆ ಕೊನೆಯ ಮಾತು. ಖಾಲಿ ಜೀಪನ್ನು ತಳ್ಳಿಸಿದರು. ತಳ್ಳಿದ ನಾಲ್ವರಲ್ಲಿ ಮಂಜಯ್ಯನೂ ಒಬ್ಬ. ಜೀಪು ಇದ್ದದ್ದು ಒಂದೇ, ಮತ್ತೆ ತೆಗೆಯುವಂತಿರಲಿಲ್ಲ. ಸಂಜೆ ನಿರ್ದೇಶಕರು ಟೈಪಿಂಗ್ ಮಕ್ಕಳ ಎದುರೇ ಏಕಾಂತಪ್ಪನವರನ್ನು ಬೈದರು. ನಲವತ್ತನೇ ಸೀನಿನ ಸಾಲು ಇದಕ್ಕೆ ಬಿತ್ತು ಸಾರ್, ಕಣ್ಣು ತಪ್ಪಿತು ಎಂದು ಅವರು ಕೈಮುಗಿದರು. ಬೆಂಗಳೂರಿನ ಸಿನಿಮಾ ಕಚೇರಿಯಲ್ಲಿ ಕೆಲಸ ಕೊಡುತ್ತೇನೆ ಎಂದಿದ್ದು ಅಲ್ಲಿಗೇ ಮುಗಿಯಿತು. ಗಿರಿಜಾಂಬಾ ಆಗಲೇ ಗೋಣಿಯಲ್ಲಿ ಕಟ್ಟಿದ್ದ ಪಾತ್ರೆಗಳನ್ನು ಒಂದೊಂದಾಗಿ ಬಿಚ್ಚಿ ಗೂಡಿಗೆ ಇಟ್ಟರು. ಆ ಮಾತು ಆಡಿದ್ದು ಆ ದಿನವೇ.

ಏಳು ತಿಂಗಳಿಗೆ ಪಿಚ್ಚರು ಬಂತು. ಊರೆಲ್ಲ ಹೋಗಿ ನೋಡಿತು. ಆ ಜೀಪು ಕಂಡದ್ದು ಎರಡು ಕ್ಷಣ. ಅದೂ ಖಳನಾಯಕನ ಜೀಪಾಗಿತ್ತು. ಅದು ಬಿದ್ದಾಗ ಜನ ಶಿಳ್ಳೆ ಹೊಡೆದರು. ಡ್ರೈವರ್ ಎನ್ನುವ ಪಾತ್ರವೇ ಇರಲಿಲ್ಲ. ಹೀರೋನ ತಾಯಿ ಮತ್ತೆ ಸತ್ತಿದ್ದರು. "ಪಾಪ, ಕಡುಬು ಬೇಯಿಸಿದ್ರು," ಎಂದು ಏಕಾಂತಪ್ಪನವರು ಕತ್ತಲಲ್ಲಿ ಮೆಲ್ಲಗೆ ಅಂದಿದ್ದರು. ಗಿರಿಜಾಂಬಾ ಮುಖ ತಿರುಗಿಸಿಕೊಂಡಿದ್ದರು.

*

ಹಾಳೆ ಅವರ ತೊಡೆಯ ಮೇಲಿತ್ತು. ಇಷ್ಟು ವರ್ಷ ಹೇಳಲಿಲ್ಲವಲ್ಲ ಎಂದು ಮೊದಲು ಸಿಟ್ಟೇ ಬಂತು. ಆಮೇಲೆ, ಹೇಳಿದ್ದರೆ ಏನಾಗುತ್ತಿತ್ತು ಎಂದು ಹೊಳೆಯಿತು. ಬದಲಾಯಿಸಿ ಎಂದವರು ತಾವು. ಹಾಗಾದರೆ ಬೆಂಗಳೂರಿನ ಕೆಲಸ ತಪ್ಪಿಸಿ ಗೋಣಿ ಬಿಚ್ಚಿಸಿದ್ದೂ ತಾವೇ ಎಂದು ಜನ್ಮವಿಡೀ ಕೊರಗುತ್ತಿದ್ದರು. ಅವರು ಕಣ್ಣು ತಪ್ಪಿತು ಎಂದು ಹೇಳಿ ಆ ಭಾರವನ್ನು ಹಿತ್ತಲ ಬಾಗಿಲಿನಿಂದಲೇ ಹೊತ್ತುಕೊಂಡು ಹೋಗಿಬಿಟ್ಟಿದ್ದರು.

"ಮಂಜಯ್ಯನ್ನ ಕರಿ," ಎಂದರು ರಶ್ಮಿಗೆ.

ಅವನು ಬಂದು ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತ. ಗಿರಿಜಾಂಬಾ ಕೆಂಪು ಶಾಯಿಯ ಹಾಳೆ ಕೊಟ್ಟರು. "ಓದು."

"ಕನ್ನಡಕ ತಂದಿಲ್ಲ ಅಕ್ಕಾ."

"ನಿಧಾನಕ್ಕೆ ಓದು. ನಿಂಗೆ ಓದೋಕೆ ಕಲಿಸಿದವರ ಅಕ್ಷರವೇ ಅದು."

ಮಂಜಯ್ಯ ಹಾಳೆಯನ್ನು ಕೈ ಚಾಚಿ ದೂರ ಹಿಡಿದ. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದತೊಡಗಿದ. ಹೊಡೆದುಹಾಕಿದ ಸಾಲುಗಳನ್ನೂ ಬಿಡಲಿಲ್ಲ. 'ಡ್ರೈವರ್ ರಸ್ತೆಯಲ್ಲಿ ನಿಂತಿದ್ದಾನೆ' ಎನ್ನುವಲ್ಲಿ ಬೆರಳು ನಿಂತಿತು. ಮತ್ತೆ ಮೇಲಿನಿಂದ ಓದಿದ. ನಂಜಮ್ಮ ಕತ್ತರಿ ಕೆಳಗಿಟ್ಟಳು.

"ಇದು ತಪ್ಪಾದ್ದಲ್ಲ," ಎಂದ ಮಂಜಯ್ಯ.

"ಅಲ್ಲ."

"ಇವರು ಬರೆದದ್ದು."

"ಹೂಂ."

ಅವನು ಎದ್ದು ಹೋಗಿ ನಡುಮನೆಯ ಬಾಗಿಲಲ್ಲಿ ನಿಂತ. ಜಗಲಿಯಲ್ಲಿ ಪರಮೇಶ್ವರಪ್ಪ ಹೊಸದಾಗಿ ಬಂದವರಿಗೆ ಅದೇ ಕತೆ ಶುರು ಮಾಡಿದ್ದರು. ಗಿರಿಜಾಂಬಾ ಎದ್ದು ಹೊರಗೆ ಹೋದರು. ಅವರು ಜಗಲಿಗೆ ಬಂದದ್ದು ಬೆಳಗಿನಿಂದ ಇದೇ ಮೊದಲು. ಎಲ್ಲರೂ ಎದ್ದು ನಿಂತರು.

"ಪರಮೇಶಣ್ಣ, ಅವರ ಕಣ್ಣು ತಪ್ಪಿರಲಿಲ್ಲ," ಎಂದರು. "ಅವರು ಬದಲಾಯಿಸಿದ್ದು. ಬದಲಾಯಿಸಿ ಅಂದವಳು ನಾನು. ಅಂದು ಮರೆತೂ ಬಿಟ್ಟೆ, ಮೇಲಿಂದ ಅವರನ್ನೇ ಹಂಗಿಸಿದೆ. ಇನ್ಮೇಲೆ ಕತೆ ಹೇಳೋದಾದ್ರೆ ಇದನ್ನೂ ಸೇರಿಸಿ ಹೇಳಿ."

ಪರಮೇಶ್ವರಪ್ಪ ಹೆಗಲ ಮೇಲಿನ ಟವೆಲು ತೆಗೆದು, ಮಡಿಸಿ, ಕೈಯಲ್ಲಿ ಹಿಡಿದುಕೊಂಡರು. ನೂರು ಸಲ ಹೇಳಿದ್ದೇನಲ್ಲ ಅತ್ತಿಗೆ, ಒಂದು ಸಲವಾದರೂ ಎದುರಾಡಬಾರದಿತ್ತಾ ಈ ಮನುಷ್ಯ ಎಂದು ತಮ್ಮಷ್ಟಕ್ಕೆ ಗೊಣಗಿದರು.

ಇಪ್ಪತ್ತೊಂದನೆಯ ಚೀಟಿಗೆ ಗಿರಿಜಾಂಬಾ ಹಳದಿ ಹಾಳೆಯಿಂದಲೇ ಒಂದು ಪಟ್ಟಿ ಕತ್ತರಿಸಿದರು. ಒಂದು ಮಗ್ಗುಲಲ್ಲಿ ಆ ಸಾಲು ಇತ್ತು. ಇನ್ನೊಂದು ಮಗ್ಗುಲು ಖಾಲಿ. ಪೆನ್ನನ್ನು ಮಂಜಯ್ಯನ ಕೈಗೆ ಕೊಟ್ಟರು. ಅವನು ನೆಲದ ಮೇಲೆ ಬಗ್ಗಿ, ಮಕ್ಕಳ ಹಾಗೆ ನಾಲಿಗೆ ಕಚ್ಚಿ, ಮಂತ್ರ ಬರೆದ. ಅಕ್ಷರಗಳು ಚೀಟಿ ಮೀರುವಷ್ಟು ದೊಡ್ಡವಾದವು. ಷಡಕ್ಷರಿ ಅಯ್ಯನವರು ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಆಗುತ್ತದೆ ಎಂದು ಉಳಿದವುಗಳ ಜೊತೆ ಸೇರಿಸಿದರು.

ಏಕಾಂತಪ್ಪನವರನ್ನು ಮಂಜಯ್ಯನ ಜೀಪಿನಲ್ಲೇ ಕೂರಿಸಿದರು. ರುದ್ರಭೂಮಿಗೆ ಹೊಸ ರಸ್ತೆಯಲ್ಲಿ ತಿರುಗಬೇಕು ಎಂದು ಯಾರೋ ಹೇಳಹೋದರು. "ದಾರಿ ನಂಗೆ ಗೊತ್ತು," ಎಂದ ಅವನು. ನಡೆಯುವವರಿಗಿಂತ ಮುಂದೆ ಹೋಗದ ಹಾಗೆ, ಮೊದಲನೇ ಗೇರಿನಲ್ಲೇ, ಊರಿನ ಉದ್ದಕ್ಕೂ ಓಡಿಸಿದ.

ಗುಂಡಿ ಆಳವಾಗಿತ್ತು. ಬೆಳಗಿನ ಜಡಿಮಳೆಗೆ ಮಣ್ಣು ಮೆತ್ತಗಾಗಿತ್ತು. ಒಳಗೆ ಕೊರೆದ ಗೂಡಿನಲ್ಲಿ ಕೂರಿಸಿ ಎಡ ಅಂಗೈಯಲ್ಲಿ ಲಿಂಗವಿಟ್ಟರು. ಅಯ್ಯನವರು ಹಣೆಗೆ, ಭುಜಕ್ಕೆ, ಎದೆಗೆ ಒಂದೊಂದೇ ಚೀಟಿ ಇಡುತ್ತ ಬಂದರು. ಕೊನೆಯದನ್ನು ಗಿರಿಜಾಂಬಾ ಕೇಳಿ ಪಡೆದರು. ಮಗಳ ಕೈಹಿಡಿದು ಮೆಟ್ಟಿಲಿಳಿದು, ಹಳದಿ ಚೀಟಿಯನ್ನು ಗಂಡನ ಬಲಗೈಗೆ ಇಟ್ಟರು. ಮಂತ್ರ ಮೇಲಕ್ಕಿತ್ತು. ಟೈಪಾದ ಸಾಲು ಅವರ ಬೆರಳುಗಳಿಗೆ ತಾಗುವಂತಿತ್ತು. ಅಷ್ಟು ಹತ್ತಿರ ಬಗ್ಗಿದಾಗ ಅವರು ಏನೋ ಹೇಳಿದರು. ಮೇಲಿನವರಿಗೆ ಕೇಳಲಿಲ್ಲ.

ಬಿಲ್ವಪತ್ರೆ ಬಿತ್ತು, ವಿಭೂತಿ ಬಿತ್ತು. ಮಣ್ಣು ಹಾಕಲು ಮಂಜಯ್ಯ ಮುಂದೆ ಬಂದ. ಬೊಗಸೆ ತುಂಬಿಕೊಂಡು ಬಗ್ಗಿದವನು, ಹಳದಿ ಚೀಟಿ ಕಾಣುವುದೇನೋ ಎಂದು ಇನ್ನೂ ಸ್ವಲ್ಪ ಬಗ್ಗಿದ. ಅವನ ಕಾಲ ಕೆಳಗಿನ ಅಂಚು ಕುಸಿದು ಒಂದು ಹಿಡಿ ಮಣ್ಣು ಒಳಗೆ ಜಾರಿತು. ಹಿಂದಿನಿಂದ ನಂಜಮ್ಮ ಅವನ ಅಂಗಿಯ ಚುಂಗು ಹಿಡಿದು ಎರಡು ಹೆಜ್ಜೆ ಹಿಂದಕ್ಕೆಳೆದಳು. ಅವನು ಮಣ್ಣು ಹಾಕಿದ್ದಾಯಿತು, ಎಲ್ಲರೂ ಹಾಕಿದ್ದಾಯಿತು. ಅವಳು ಹಿಡಿದ ಅಂಗಿಯನ್ನು ಬಿಟ್ಟಿರಲಿಲ್ಲ.